ಬಸವನಹುಳುಗಳ ವರ್ಗಾವಣೆ

ವರ್ಗಾವಣೆ ಸಾಹೇಬರು ಜನ್ಮದಲ್ಲಿ ಯಾರನ್ನೂ ಕೆಲಸದಿಂದ ತೆಗೆದವರಲ್ಲ, ಯಾರನ್ನೂ ಗದರಿಸಿದವರಲ್ಲ. ನೀರು ಸರಬರಾಜು ಇಲಾಖೆಯ ವರ್ಗಾವಣೆ ವಿಭಾಗದ ಕುರ್ಚಿಯಲ್ಲಿ ಕೂತಷ್ಟು ಕಾಲವೂ ಅವರಿಗೆ ಗೊತ್ತಿದ್ದ ಮದ್ದು ಒಂದೇ. ಒಬ್ಬ ಗುಮಾಸ್ತ ಮಧ್ಯಾಹ್ನವಾದರೆ ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಾನೆ ಎಂದು ದೂರು ಬಂತು. ಅವನನ್ನು ಪಂಪ್‌ಹೌಸಿಗೆ ಹಾಕಿದರು. ಅಲ್ಲಿ ಮೋಟಾರಿನ ಸದ್ದಿಗೆ ಗೊರಕೆ ಯಾರಿಗೂ ಕೇಳಿಸಲಿಲ್ಲ. ಪಂಪ್‌ಹೌಸಿನಲ್ಲಿ ಪೈಪು ಕದಿಯುತ್ತಿದ್ದವನನ್ನು ಉಗ್ರಾಣಕ್ಕೆ ಕಳಿಸಿದರು. ಅಲ್ಲಿ ಪೈಪುಗಳನ್ನು ಕದಿಯುವವನಿಗೆ ಅನುಕೂಲವಾಗುವಂತೆ ಅಳತೆಯ ಪ್ರಕಾರ ಜೋಡಿಸಿಟ್ಟಿದ್ದರು. ಹೀಗೆ ಕಳಿಸಿದವರು ನಾಲ್ಕಾರು ಕಚೇರಿ ಸುತ್ತಿ ಮತ್ತೆ ಇವರ ಮೇಜಿನ ಮುಂದೆಯೇ ಬಂದು ನಿಂತರೂ ಸಾಹೇಬರಿಗೆ ಬೇಸರವಿಲ್ಲ. ಮತ್ತೆ ಕಳಿಸಿದರಾಯಿತು. ನಿವೃತ್ತಿಯ ದಿನ ಮೇಲಧಿಕಾರಿ, "ಇವರಿಗೆ ಈ ಕಚೇರಿಯಲ್ಲಿ ಒಬ್ಬ ಶತ್ರುವೂ ಇಲ್ಲ" ಎಂದು ಹೊಗಳಿದರು. ಅದೇನೋ ನಿಜವೇ. ಶತ್ರುಗಳೆಲ್ಲ ಬೇರೆ ಕಚೇರಿಗಳಲ್ಲಿದ್ದರು.

ಮನೆಯಲ್ಲಿ ಹೆಂಡತಿ ಮತ್ತು ಅಕ್ಕ. ಅಕ್ಕ ಗಂಡನನ್ನು ಕಳೆದುಕೊಂಡ ಮೇಲೆ ಸ್ವಲ್ಪ ದಿನ ಇರುತ್ತೇನೆಂದು ಬಂದವರು, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಉಳಿದರು. ಹಿತ್ತಲಲ್ಲಿ ಮುರಿದ ಕುರ್ಚಿಗಳೂ ಖಾಲಿ ಡಬ್ಬಗಳೂ ಬಿದ್ದಿದ್ದ ಜಾಗವನ್ನು ಅಗೆದು ಟೊಮೆಟೊ, ಕೋಸು, ಬೀನ್ಸ್ ಹಾಕಿದರು. ಬೀನ್ಸ್ ಬಳ್ಳಿ ಕಡ್ಡಿ ಹತ್ತಿ ಗೋಡೆಯೆತ್ತರಕ್ಕೆ ಏರಿದಾಗ ಸಾಹೇಬರು ಅದನ್ನು ಬಂದವರಿಗೆಲ್ಲ ತಾವೇ ಬೆಳೆಸಿದಂತೆ ತೋರಿಸುತ್ತಿದ್ದರು.

ಆದರೆ ಒಂದು ಒಲೆಗೆ ಇಬ್ಬರು ಹೆಂಗಸರು. ಅಕ್ಕ ಬೆಳಗಾಗುವ ಮೊದಲೇ ಎದ್ದು ಒಲೆ ಹಚ್ಚುವರು. ಹೆಂಡತಿ ಬಂದು ನೋಡಿದರೆ ತನ್ನ ಪಾತ್ರೆ ಇಟ್ಟ ಜಾಗದಲ್ಲಿಲ್ಲ, ಉಪ್ಪಿನ ಡಬ್ಬ ಇನ್ನೆಲ್ಲೋ ಇದೆ. ಮಾತಿಗೆ ಮಾತು ಬೆಳೆಯುತ್ತಿತ್ತು. ಸಾಹೇಬರು ಪೇಪರಿನ ಹಿಂದೆ ಅವಿತು, ಅಲ್ಲೂ ಮಾತು ಹುಡುಕಿಕೊಂಡು ಬಂದರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು.

"ರೀ, ನೀವಾದ್ರೂ ಒಂದು ಮಾತು ಹೇಳಿ," ಎಂದಳು ಹೆಂಡತಿ ಒಂದು ದಿನ ಬಚ್ಚಲ ಬಾಗಿಲಿಗೆ.

"ಅವಳು ಹೇಳೋದೂ ಸರಿ, ನೀನು ಹೇಳೋದೂ ಸರಿ," ಎಂದರು ಒಳಗಿನಿಂದ.

ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಇಂಥ ಮಾತು ಕಚೇರಿಯಲ್ಲಿ ನಡೆಯುತ್ತಿತ್ತು, ಅಡುಗೆಮನೆಯಲ್ಲಿ ನಡೆಯಲಿಲ್ಲ. ಕೊನೆಗೆ ಸಾಹೇಬರು ತಮ್ಮ ಹಳೆಯ ಮದ್ದನ್ನೇ ಹೊರತೆಗೆದರು. ಊರಿನ ಇನ್ನೊಂದು ತುದಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ತಮ್ಮನಿಗೆ ಫೋನು ಮಾಡಿದರು.

"ಅಕ್ಕನಿಗೆ ಸ್ವಲ್ಪ ಹವಾ ಬದಲಾದ್ರೆ ಒಳ್ಳೇದು ಅನ್ಸುತ್ತಪ್ಪ. ನಿನ್ನ ಮನೇಲೇ ಇರ್ಲಿ."

"ಅವಳೇ ಕೇಳಿದ್ಲಾ?"

"ಕೇಳಿಲ್ಲ. ಬೇಡ ಅಂತಾನೂ ಹೇಳಿಲ್ಲ."

ಹೇಗೆ ಹೇಳಿಯಾರು? ಅಕ್ಕನಿಗೆ ಗೊತ್ತೇ ಇರಲಿಲ್ಲ. ಗೊತ್ತಾದಾಗ ಅಕ್ಕ ಹರಿದ ದಿಂಬಿನ ಚೀಲ ಹೊಲಿಯುತ್ತಿದ್ದರು. ಸೂಜಿ ಒಂದು ಕ್ಷಣ ನಿಂತಿತು. "ಆಗ್ಲಿ. ಬೀನ್ಸ್ ಒಂದು ಮುಗೀಲಿ," ಎಂದು ಮತ್ತೆ ಹೊಲಿಯತೊಡಗಿದರು. ಇದೇ ಅಕ್ಕ ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ ಈ ಸಾಹೇಬರು. ಆದರೆ ಆದೇಶ ಹೊರಟಾಗಿತ್ತು, ಮತ್ತು ತಾವು ಹೊರಡಿಸಿದ ಆದೇಶವನ್ನು ಹಿಂದಕ್ಕೆ ಪಡೆದ ಅಭ್ಯಾಸ ಅವರಿಗಿರಲಿಲ್ಲ. ಬೀನ್ಸ್ ಇರುವಷ್ಟು ದಿನ ಅಕ್ಕ ಇರುತ್ತಾಳಲ್ಲ ಎಂದು ಸಮಾಧಾನ ಮಾಡಿಕೊಂಡರು.

ಆಮೇಲೆ ಮಳೆ ಬಂತು, ಮಳೆಯ ಬೆನ್ನಿಗೇ ಬಸವನಹುಳುಗಳು ಬಂದವು. ಬೆಳಗ್ಗೆ ನೋಡಿದರೆ ಎಲೆಗಳೆಲ್ಲ ಜರಡಿ. ಅಕ್ಕನಿಗೆ ಮಂಡಿನೋವು, ಬಗ್ಗಲಾಗದು.

"ಒಂದು ಬಕೆಟ್ಟಿಗೆ ನೀರು ಹಾಕಿ ಎರಡು ಹಿಡಿ ಉಪ್ಪು ಕದಡಿಡು. ಒಂದೊಂದೇ ಆರಿಸಿ ಅದಕ್ಕೆ ಹಾಕು," ಎಂದರು ಸಾಹೇಬರಿಗೆ.

"ಕೊಲ್ಲೋದು ಯಾಕಕ್ಕ, ಬೇರೆ ಕಡೆ ಕಳಿಸಿದ್ರಾಯ್ತು."

ಅಂದೇ ಸಂಜೆ ಮೊದಲ ಬಕೆಟ್ಟು ಬಸವನಹುಳುಗಳು ಗೋಡೆಯಾಚೆ ಪಕ್ಕದ ಮನೆಯ ನರ್ಸಮ್ಮನ ಹಿತ್ತಲಿಗೆ ವರ್ಗವಾದವು. ಕೋಸಿನ ಮೇಲಿದ್ದ ಹಸಿರು ಹುಳುಗಳನ್ನು ಸಾಹೇಬರು ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಪಾರ್ಕಿಗೆ ಒಯ್ದು, ಒಳ್ಳೆಯ ಗಿಡ ನೋಡಿ ಬಿಟ್ಟು ಬಂದರು. ಬೀನ್ಸಿನ ಕುಡಿಗಳಿಗೆ ಮೆತ್ತಿದ್ದ ಗಿಡಹೇನುಗಳ ಮೇಲೆ ಪೈಪಿನಿಂದ ನೀರು ಹಾರಿಸಿದರು. ಅವು ಟೊಮೆಟೊ ಮೇಲೆ ಬಿದ್ದು ಅಲ್ಲೇ ಕೆಲಸಕ್ಕೆ ಹಾಜರಾದವು. ಕಚೇರಿ ಬಿಟ್ಟ ಮೇಲೆ ಮೊದಲ ಬಾರಿಗೆ ಸಾಹೇಬರಿಗೆ ಕೈತುಂಬ ಕೆಲಸ ಸಿಕ್ಕಿತ್ತು. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಆದರೆ ಹುಳು ಕಡಿಮೆಯಾಗಲಿಲ್ಲ. ಹೋದವೇ ಬರುತ್ತಿವೆಯೋ, ಹೊಸಬರೋ? ಕಡತಗಳಲ್ಲಿ ವರ್ಗವಾದವರ ಹೆಸರಿನ ಮುಂದೆ ಕೆಂಪು ಗುರುತು ಹಾಕಿ ರೂಢಿಯಾದ ಕೈ ಸುಮ್ಮನಿರಲಿಲ್ಲ. ಮದುವೆಯಾಗಿ ಹೋದ ಮಗಳು ಕಪಾಟಿನಲ್ಲಿ ಬಿಟ್ಟಿದ್ದ ನೇಲ್ ಪಾಲಿಶ್ ಹುಡುಕಿ, ಪ್ರತಿ ಹುಳುವಿನ ಚಿಪ್ಪಿಗೂ ಒಂದು ಕೆಂಪು ಬೊಟ್ಟಿಟ್ಟು ಆಚೆ ಕಳಿಸಿದರು.

ಎರಡು ದಿನದ ಮೇಲೆ ನರ್ಸಮ್ಮ ಗೇಟಿಗೆ ಬಂದರು. ಆಸ್ಪತ್ರೆಯಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳನ್ನೇ ಕಣ್ಣಲ್ಲೇ ಗದರಿ ಕೂರಿಸಿದ ಹೆಂಗಸು. ಕೈಯಲ್ಲಿ ಬಕೆಟ್ಟಿತ್ತು.

"ಸಾಹೇಬ್ರೇ, ನಿಮ್ಮ ಕಡೆಯವರು ಬಂದಿದ್ರು. ಬೊಟ್ಟಿಟ್ಕೊಂಡು, ಚೆನ್ನಾಗಿ ತಯಾರಾಗಿ ಬಂದಿದ್ರು."

ಸಾಹೇಬರು ಬಕೆಟ್ಟಿನೊಳಗೆ ಇಣುಕಿ, ಯಾರೋ ಅಪರಿಚಿತರನ್ನು ಕಂಡವರಂತೆ ಹುಬ್ಬೇರಿಸಿದರು.

"ನನ್ನ ಹುಳ ನಾನು ಕೊಂದ್ಕೋತೀನಿ. ನಿಮ್ಮ ಹುಳ ನೀವು ಕೊಂದ್ಕೊಳಿ," ಎಂದು ನರ್ಸಮ್ಮ ಬಕೆಟ್ಟನ್ನು ಅಲ್ಲೇ ಬಗ್ಗಿಸಿ ಹೋದರು. ಸಾಹೇಬರು ಯೋಚಿಸಿ, ಇನ್ನು ಮೇಲೆ ಎಡಗಡೆ ಗೋಡೆ ಎಂದು ತೀರ್ಮಾನಿಸಿದರು. ಎಡಗಡೆ ಖಾಲಿ ಸೈಟು. ಅಲ್ಲಿ ತಿನ್ನಲು ಏನೂ ಇಲ್ಲದ್ದರಿಂದ ಹುಳುಗಳು ಇನ್ನೂ ಬೇಗ ವಾಪಸು ಬಂದವು.

ಬೀನ್ಸ್ ಸೊರಗಿತು. ಕೆಳಗಿನ ಎಲೆಗಳಲ್ಲಿ ನರಗಳಷ್ಟೇ ಉಳಿದವು, ಕಾಯಿ ಕಚ್ಚುವ ಮೊದಲೇ ಹೂ ಉದುರಿತು. ಅಕ್ಕ ಕಿಟಕಿಯ ಬಳಿ ಕೂತು ನೋಡುತ್ತಿದ್ದರು. ಒಂದು ಮಧ್ಯಾಹ್ನ ಮಂಚದ ಕೆಳಗಿನ ದೊಡ್ಡ ಚೀಲವನ್ನು ಎಳೆದು ಧೂಳು ಒರೆಸಿದರು. ಅದನ್ನು ಕಂಡ ಸಾಹೇಬರು ಅರ್ಧ ಊಟಕ್ಕೇ ಎದ್ದರು. ಸಂಜೆ ಇನ್ನೊಂದು ಬಕೆಟ್ಟು ಹುಳು ಸಾಗಿಸಿದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹಿತ್ತಲಲ್ಲಿ ಸದ್ದಾಯಿತು. ಸಾಹೇಬರು ಹೋಗಿ ನೋಡಿದರೆ ಹೆಂಡತಿ ಕುಕ್ಕುರುಗಾಲಲ್ಲಿ ಕೂತು, ಬೀನ್ಸಿನ ಬುಡದಿಂದ ಒಂದೊಂದೇ ಬಸವನಹುಳು ಕಿತ್ತು ಪಕ್ಕದ ಬೋಗುಣಿಗೆ ಹಾಕುತ್ತಿದ್ದಳು. ಬೋಗುಣಿಯಲ್ಲಿ ಉಪ್ಪುನೀರು.

"ನೀನ್ಯಾಕೆ ಇಲ್ಲಿ? ಬೀನ್ಸ್ ಬೇಗ ಮುಗಿದ್ರೆ ನಿನಗೇ ಒಳ್ಳೇದಲ್ವಾ?"

"ನನಗ್ಯಾಕೆ ಒಳ್ಳೇದು?"

"ಅಕ್ಕ ಹೋಗ್ಲಿ ಅಂತ ನೀನೇ ತಾನೆ..."

"ನಾನ್ಯಾವಾಗ ಅಂದೆ? ಬೆಳಗ್ಗೆ ಒಲೆ ಯಾರು ಹಚ್ಚಬೇಕು, ಅದೊಂದು ಹೇಳಿ ಅಂದೆ. ನೀವು ಮನುಷ್ಯರನ್ನೇ ಸಾಗಹಾಕೋಕೆ ಹೊರಟ್ರಿ." ಅವಳು ತಲೆಯೆತ್ತಲಿಲ್ಲ. "ಜಗಳಕ್ಕೆ ನೀವಂತೂ ಸಿಗಲ್ಲ. ಬಚ್ಚಲ ಬಾಗಿಲ ಜೊತೆ ಎಷ್ಟು ವರ್ಷಾಂತ ಮಾತಾಡ್ಲಿ? ಅಕ್ಕ ಸಿಗ್ತಾರೆ. ಬೆಳಗ್ಗೆ ಬೈತಾರೆ, ಮಧ್ಯಾಹ್ನ ಊಟಕ್ಕೆ ಬಾ ಅಂತಾರೆ. ಅವರೂ ಹೋದ್ರೆ ಈ ಮನೇಲಿ ನನಗೆ ಇನ್ಯಾರಿದ್ದಾರೆ?"

ಸಾಹೇಬರಿಗೆ ಕಪಾಳಕ್ಕೆ ಹೊಡೆದಂತಾಯಿತು. ಏನಾದರೂ ಮಾಡಬೇಕೆನಿಸಿ, ಕೆಂಪು ಬೊಟ್ಟಿನ ಒಂದು ಹುಳುವನ್ನು ಕಿತ್ತು ಬೋಗುಣಿಯ ಮೇಲೆ ಹಿಡಿದರು. ಅದು ನಿಧಾನವಾಗಿ ಕೊಂಬು ಚಾಚಿ ಅವರನ್ನು ನೋಡಿತು. ಸಾಹೇಬರು ಅದನ್ನು ಹೆಂಡತಿಯ ಕೈಗೆ ವರ್ಗಾಯಿಸಿದರು.

ಬೀನ್ಸ್ ಉಳಿಯಲಿಲ್ಲ. ಭಾನುವಾರ ತಮ್ಮ ತನ್ನ ಡ್ರೈವಿಂಗ್ ಸ್ಕೂಲಿನ ಕಾರು ತಂದು ಗೇಟಿನ ಮುಂದೆ ನಿಲ್ಲಿಸಿದ. ಅಕ್ಕನ ದೊಡ್ಡ ಚೀಲವೂ ಒಂದು ಸಣ್ಣ ಕೈಚೀಲವೂ ಹಿಂದಿನ ಸೀಟು ಸೇರಿದವು. ಅಕ್ಕ ಬಾಗಿಲು ಹಿಡಿದು ನಿಂತರು.

"ಅಕ್ಕ ಎಲ್ಲಿಗೂ ಹೋಗೋದು ಬೇಡ," ಎಂದಳು ಹೆಂಡತಿ, ಕಡ್ಡಿ ಮುರಿದ ಹಾಗೆ.

"ನೀನು ಹೇಳ್ತೀಯ ಅಂತ ನನಗೆ ಗೊತ್ತಿತ್ತು ಕಣಮ್ಮ," ಎಂದರು ಅಕ್ಕ. "ಇವನು ಹೇಳ್ಲಿ."

ಮೂವರೂ ಸಾಹೇಬರ ಕಡೆ ತಿರುಗಿದರು. ಸಾಹೇಬರು ಕಾರಿನ ಚಕ್ರ ನೋಡಿದರು. "ಇಬ್ಬರು ಹೇಳೋದೂ ಸರಿ" ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಅಕ್ಕನ ಮುಖ ನೋಡಿದರೆ ಅದು ಹೊರಬರಲೊಲ್ಲದು. ಬಚ್ಚಲು ದೂರವಿತ್ತು.

"ನಾನು ಫೋನು ಮಾಡಿದ್ದು ತಪ್ಪು," ಎಂದರು. ದನಿ ಅವರದೇ ಅನಿಸಲಿಲ್ಲ. "ನೀನು ಇಲ್ಲೇ ಇರಕ್ಕ. ನೀನು ಹೋದ್ರೆ ನನಗಾಗಲ್ಲ."

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಕಾರಿನೊಳಗೆ ಹತ್ತಿ ಕೂತರು.

"ಇರು ಅಂದ್ನಲ್ಲಕ್ಕ!"

"ಅಂದ್ಯಲ್ಲ, ಅದಕ್ಕೇ ಹೊರಟಿದ್ದು. ಇವನ ಮಕ್ಕಳನ್ನ ನೋಡಿ ಎಷ್ಟು ದಿನ ಆಯ್ತು. ನೀನು ಆ ಮಾತು ಹೇಳದೇ ಇದ್ದಿದ್ರೆ, ಈ ಗೇಟು ದಾಟಿದ ಮೇಲೆ ಯಾವ ಮುಖ ಹೊತ್ಕೊಂಡು ವಾಪಸು ಬರ್ತಿದ್ದೆ? ಈಗ ಒಂದು ವಾರ ಇದ್ದು ಬರ್ತೀನಿ." ಅಕ್ಕ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ದೊಡ್ಡ ಚೀಲವನ್ನು ಬಾಗಿಲಿನತ್ತ ತಳ್ಳಿದರು. "ಅದನ್ನ ನನ್ನ ಕೋಣೇಲಿಡು."

ಚೀಲ ಭಾರವಾಗಿತ್ತು. ತಮ್ಮ ಹಿಡಿಯಲು ಬಂದ. ಸಾಹೇಬರು ಕೊಡಲಿಲ್ಲ, ತಾವೇ ಹೊತ್ತು ಒಳಗೆ ನಡೆದರು.