ಗೋಡೆಗೆ ಮುಖ ಮಾಡಿದ ಚೀಲಗಳು

ನನ್ನ ಸೋದರಮಾವನ ಮೂಗಿನ ತುದಿಗೆ ಸದಾ ಹಿಂಡಿಯ ಪುಡಿ ಅಂಟಿರುತ್ತಿತ್ತು. ಗಂಗಾವತಿಯಲ್ಲಿ ಅವನದು ದನದ ಹಿಂಡಿ, ಹೊಟ್ಟಿನ ಅಂಗಡಿ. ಬಂದ ಮಾಲನ್ನು ಮೂಸದೆ ಒಳಗಿಡಿಸುತ್ತಿರಲಿಲ್ಲ. ಊರಲ್ಲಿ ನಾಯಿ ಸಾಕುವ ಶೋಕಿ ಹೆಚ್ಚಿದ ಮೇಲೆ ನಾಯಿ ಆಹಾರದ ಚೀಲಗಳೂ ಬಂದವು. ಇವು ಮೂಸಿದರೆ ತಿಳಿಯುವ ಮಾಲಲ್ಲ ಎಂದು ಗೊಣಗಿ, ಕನ್ನಡಕ ಹಣೆಗೇರಿಸಿ, ಹಿಂಬದಿಯ ಸಣ್ಣಕ್ಷರಗಳನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದ. ಆಮೇಲೆ ಎಲ್ಲ ಚೀಲಗಳನ್ನೂ ತಿರುಗಿಸಿ ಜೋಡಿಸುವನು. ನಾಯಿಯ ಚಿತ್ರ ಗೋಡೆಗೆ, ಸಣ್ಣಕ್ಷರ ಗಿರಾಕಿಗೆ. ಕಂಪನಿಯವರು ಬಂದು ನೆಟ್ಟಗೆ ಇಟ್ಟು ಹೋದರೆ ಅವರ ಬೆನ್ನಿಗೇ ಮತ್ತೆ ತಿರುಗಿಸಿಬಿಡುತ್ತಿದ್ದ. ವ್ಯಾಪಾರ ಅಷ್ಟಕ್ಕಷ್ಟೇ. ಅತ್ತೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ನನ್ನ ನಾಯಿ ಕೆಂಚ ಹಿಂಗಾಲು ಎಳೆಯತೊಡಗಿದಾಗ ಕೊಪ್ಪಳದಿಂದ ಬಸ್ಸು ಹಿಡಿದು ಓಡಿದ್ದು ಮಾವನಲ್ಲಿಗೇ. ಕೆಂಚ ಬಾಗಿಲಿಗೂ ಎದ್ದು ಬರುತ್ತಿರಲಿಲ್ಲ, ನನ್ನ ಜೀವ ಬಾಯಿಗೆ ಬಂದಿತ್ತು. ಫೋನಿನಲ್ಲಿ ನೋಡಿದ್ದ ಚೀಲವನ್ನೇ ಕೊಡು ಎಂದೆ. ಅರಿಷಿಣ, ನುಗ್ಗೆಸೊಪ್ಪು ಹಾಕಿದ್ದು, ಕೀಲುನೋವು ಮಾಯವಂತೆ. ಅದರ ಮೇಲಿನ ನಾಯಿ ಕಿನ್ನಾಳ ಗೊಂಬೆಯಂತೆ ಮಿರುಗುತ್ತಿತ್ತು. ಮಾವ ಚೀಲ ಕೊಡಲಿಲ್ಲ. ಹಿಂಬದಿಯ ಪಟ್ಟಿಯಲ್ಲಿ ಹೆಚ್ಚು ತೂಕದ್ದನ್ನು ಮೊದಲು ಬರೆದಿರುತ್ತಾರೆ ಎಂದು ಹೇಳಿ, ಮೆಕ್ಕೆಜೋಳದಿಂದ ಬೆರಳು ಇಳಿಸುತ್ತ ಇಳಿಸುತ್ತ ಉಪ್ಪಿಗೆ ಬಂದು ನಿಂತ.

“ಅರಿಷಿಣ ಉಪ್ಪಿನ ಕೆಳಗ ಐತಿ. ಸಾರಿಗೆ ಉಪ್ಪು ಎಷ್ಟ ಹಾಕ್ತೀಯವ್ವ? ಇದರಾಗ ಅರಿಷಿಣ ಅದಕ್ಕಿಂತಾ ಕಡಿಮಿ. ಇದು ಹೊಟ್ಟಿ ತುಂಬಸ್ತೈತಿ, ಕಾಲ ನಿಲ್ಲಸಂಗಿಲ್ಲ. ಮೊದಲ ಡಾಕ್ಟರ್ ಕಡೆ ನಡಿ.”

ಅವನನ್ನು ಬೈದುಕೊಳ್ಳುತ್ತಲೇ ಊರಿಗೆ ಮರಳಿ ಕೆಂಚನನ್ನು ದನದ ಡಾಕ್ಟರ ಬಳಿ ಒಯ್ದೆ. ಡಾಕ್ಟರು ರಕ್ತ ಪರೀಕ್ಷಿಸಿ, ಉಣ್ಣಿ ಹುಳ ಕಡಿದು ಬಂದ ಜ್ವರ ಎಂದರು. ಔಷಧ ಬಿದ್ದಿತು, ಕೆಂಚ ಎದ್ದ. ಸುದ್ದಿ ಹೇಳಿದರೆ ಮಾವ ಹೂಂ ಎಂದನಷ್ಟೇ, ಮತ್ತೊಂದು ಚೀಲ ಮೂಗಿಗೆ ಹಿಡಿದ. ಅಂಥ ಮಾವ ಎಲ್ಲರಿಗೂ ಸಿಗುವುದಿಲ್ಲ.

ಮುಂದೆ ಅವನ ಹೊಟ್ಟೆಯಲ್ಲೇ ಗಡ್ಡೆ ಬೆಳೆಯಿತು. ಊಟ ಸೇರದಾಯಿತು. ಅತ್ತೆ ಎಲ್ಲಿಂದಲೋ ಶಕ್ತಿಯ ಪುಡಿಯ ಡಬ್ಬಿ ತಂದಳು, ಮೇಲೆ ತೋಳು ಎತ್ತಿದ ಪೈಲ್ವಾನನ ಚಿತ್ರ. ದಿನಾ ಸಂಜೆ ಹಾಲಿನಲ್ಲಿ ಕಲಸಿ, ಎದುರಿಗೆ ಕೂತು ಕುಡಿಸುವಳು. ಡಾಕ್ಟರ ಗುಳಿಗೆಯ ಜೊತೆ ಮಾವ ಅದನ್ನೂ ತಕರಾರಿಲ್ಲದೆ ಕುಡಿಯುತ್ತಿದ್ದ. ಕಿಟಕಿಯಲ್ಲಿದ್ದ ಆ ಡಬ್ಬಿಯ ಚಿತ್ರ ಮಾತ್ರ ಮುಂದಕ್ಕೇ ಇತ್ತು. ನಾನು ಚೇಷ್ಟೆಗೆಂದು ತಿರುಗಿಸಹೋದರೆ ಕೈ ಹಿಡಿದ.

“ಇರಲಿ ಬಿಡವ್ವ” ಎಂದ ಮೆಲ್ಲಗೆ. “ತಂದ ದಿನಾನ ಓದೀನಿ.”

ಅವನು ತೀರಿಕೊಂಡ ಕೆಲವು ವಾರಗಳ ಬಳಿಕ ಅತ್ತೆ ಆ ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟಳು.

“ನಿಮ್ಮ ಮಾವನ್ನ ಕೇಳಾಕ ಧೈರ್ಯ ಆಗ್ಲಿಲ್ಲ. ಇದರಾಗ ಏನರ ಇತ್ತೇನವ್ವ?”

ತಿರುಗಿಸಿ ಓದಿದೆ. ಮೊದಲು ಸಕ್ಕರೆ, ಆಮೇಲೆ ಹಿಟ್ಟು. ಸುಳ್ಳು ಹೇಳೋಣವೆಂದರೆ ನಾಲಿಗೆ ಏಳಲಿಲ್ಲ, ಆ ಓದು ಕಲಿಸಿದವನು ಮಾವನೇ.

“ಸಕ್ರಿ ಐತಿ ಅತ್ತಿ. ಮಾವಗ ಗೊತ್ತಿತ್ತು. ಓದೇ ಕುಡದಾನ.”

ಅತ್ತೆ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಸೆರಗಿನಿಂದ ಅದನ್ನು ಒರೆಸಿ ಮತ್ತೆ ಕಿಟಕಿಯಲ್ಲಿಟ್ಟಳು, ಪೈಲ್ವಾನನ ಮುಖ ಮುಂದೆ ಮಾಡಿ.