ಬೈಗುಳದ ಪಾಳಿ

ನಿನ್ನೆ ಸಂಜೆ ಮೊಣಕೈಗೆ ನೋವಿನ ಮುಲಾಮು ಹಚ್ಚಿಕೊಳ್ಳಲು ಕೂತಿದ್ದೆ. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಬಾಗಲಕೋಟೆಯ ಕಾಲೇಜಿನ ಬಾಸ್ಕೆಟ್‌ಬಾಲ್ ಅಂಗಳದ ಪಕ್ಕದಲ್ಲಿ ಆಟದ ಹುಡುಗರು ಮುಲಾಮು ತಿಕ್ಕಿಕೊಳ್ಳುತ್ತಿದ್ದ ತಗಡಿನ ಕೋಣೆಯಲ್ಲಿದ್ದೆ. ನಿಮಗೂ ಹೀಗಾಗುತ್ತಿರಬಹುದು. ವಯಸ್ಸಾದ ಮೇಲೆ ಔಷಧದ ವಾಸನೆಗಳೇ ನಮ್ಮನ್ನು ಊರೂರು ತಿರುಗಿಸುತ್ತವೆ.

ಎಂಬತ್ತರ ದಶಕದ ಆರಂಭದ ಮಾತು. ನಾನಾಗ ಒಂದು ದಿನಪತ್ರಿಕೆಯ ಬಾಗಲಕೋಟೆ ವರದಿಗಾರ. ವರದಿಯಲ್ಲಿ ವಿಶೇಷಣ ಕಂಡರೆ ನಮ್ಮ ಸುದ್ದಿ ಸಂಪಾದಕರು ಅನ್ನದಲ್ಲಿ ಕಲ್ಲು ಸಿಕ್ಕವರಂತೆ ಮುಖ ಮಾಡುತ್ತಿದ್ದರು. ಅಪಘಾತ, ಸನ್ಮಾನ, ಸಚಿವರ ಭೇಟಿ ಎಲ್ಲವನ್ನೂ ಒಂದೇ ದನಿಯಲ್ಲಿ ಬರೆಯಲು ಕಲಿತೆ. ಕ್ರಮೇಣ ಆ ದನಿ ಮನೆಗೂ ಬಂತು. ಮಗಳು ಹುಟ್ಟಿದ ಸುದ್ದಿಯನ್ನು ನಾನು ಹೇಳಿದ ರೀತಿ ಕೇಳಿ ನಮ್ಮಪ್ಪ, "ಯಾರಿಗೋ?" ಎಂದಿದ್ದರು.

ಹಾಗಾಗಿ ಚನ್ನಬಸಪ್ಪ ಮಾಸ್ತರು ನನಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅವರು ಕಾಲೇಜಿನ ದೈಹಿಕ ಶಿಕ್ಷಣದ ಮಾಸ್ತರು. ಗೆದ್ದಾಗ ಕುಣಿದವನನ್ನೂ ಸೋತಾಗ ಅತ್ತವನನ್ನೂ ಮುಂದಿನ ಪಂದ್ಯದಲ್ಲಿ ಹೊರಗೆ ಕೂರಿಸುತ್ತಿದ್ದರು. ಇಳಕಲ್ಲಿನ ತಂಡಕ್ಕೂ ನಮ್ಮ ತಂಡಕ್ಕೂ ಹಳೆಯ ಹಟವಿತ್ತು. ಅಲ್ಲಿಯ ಪ್ರೇಕ್ಷಕರು ನಮ್ಮ ಒಬ್ಬೊಬ್ಬ ಆಟಗಾರನ ಮನೆತನ, ಕಸುಬು ಎಲ್ಲ ವಿಚಾರಿಸಿಕೊಂಡು ಬಂದು ಬೈಯುತ್ತಿದ್ದರು. ನಮ್ಮವರೂ ಕಡಿಮೆಯೇನಿರಲಿಲ್ಲ. ಅದಕ್ಕೆ ಮಾಸ್ತರು ಒಂದು ಉಪಾಯ ಕಂಡುಕೊಂಡಿದ್ದರು. ಅಭ್ಯಾಸದ ಕೊನೆಗೆ ಒಬ್ಬ ಹುಡುಗ, ಯಾರೂ ಅಡ್ಡ ಬರದಂತೆ ಬುಟ್ಟಿಗೆ ಚೆಂಡು ಎಸೆಯುವ ಫ್ರೀ ಥ್ರೋ ಗೆರೆಯ ಮೇಲೆ ನಿಲ್ಲಬೇಕು, ಉಳಿದವರೆಲ್ಲ ಸುತ್ತುಗಟ್ಟಿ ಅವನನ್ನು ಬೈಯಬೇಕು. ಮುಖ ಬದಲಾಯಿಸಿದವನಿಗೆ ಅಂಗಳದ ಸುತ್ತ ಓಟದ ಶಿಕ್ಷೆ. ಹುಡುಗರು ಅದನ್ನು ಬೈಗುಳದ ಪಾಳಿ ಎನ್ನುತ್ತಿದ್ದರು.

ಮಾಳಪ್ಪನ ಪಾಳಿ ಬಂದರೆ ಮಾಸ್ತರೇ ಮುಂದೆ ಬರುತ್ತಿದ್ದರು. ಅವನು ಕಮತಗಿ ಕಡೆಯ ಕುರಿ ಕಾಯುವವರ ಮನೆಯ ಹುಡುಗ, ಬೀರಪ್ಪ ದೇವರ ಒಕ್ಕಲು. ಉದ್ದ ಕೈ, ಕಡಿಮೆ ಮಾತು. ಮಾಸ್ತರು ಅವನ ಕಿವಿಯ ಹತ್ತಿರ ನಿಂತು ಹೇಳುತ್ತಿದ್ದರು:

"ಲೇ ಮಾಳ್ಯಾ, ನಿಮ್ಮಪ್ಪಂದು ಒಂದು ಕುರಿ ಕಮ್ಮಿ ಬಿದ್ದೈತಿ. ಎಣಿಸ್ಕೊಂಡ ಬಾರಲೇ."

ಉಳಿದವರು ಕುರಿಯಂತೆ ಒದರುತ್ತಿದ್ದರು. ಮಾಳಪ್ಪನ ಹುಬ್ಬು ಕೂಡ ಅಲುಗುತ್ತಿರಲಿಲ್ಲ. ಚೆಂಡು ಬುಟ್ಟಿಯೊಳಗೆ ಇಳಿಯುತ್ತಿತ್ತು. ನಾನು ಬೇಲಿಯಾಚೆ ನಿಂತು ಮೆಚ್ಚುತ್ತಿದ್ದೆ.

ಆ ವರ್ಷ ಇಳಕಲ್ಲಿನಲ್ಲೇ ನಡೆದ ಪಂದ್ಯ ನೋಡಲು ಧಾರವಾಡದಿಂದ ವಿಶ್ವವಿದ್ಯಾಲಯ ತಂಡದ ಆಯ್ಕೆದಾರರು ಬಂದಿದ್ದರು. ಆ ತಂಡ ಸೇರಿದರೆ ಪೊಲೀಸ್ ಇಲಾಖೆಯಲ್ಲಿ ಆಟಗಾರರ ಲೆಕ್ಕದಲ್ಲಿ ಕೆಲಸ ಸಿಗುವ ಸಾಧ್ಯತೆ ಇತ್ತು. ಮಾಳಪ್ಪನಿಗೆ ಅದೊಂದೇ ದಾರಿ. ಅದು ತಪ್ಪಿದರೆ ಓದು ಬಿಟ್ಟು ಕುರಿಗಳ ಹಿಂದೆ ಹೊರಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅವನಪ್ಪ ಹುನಗುಂದದ ಹತ್ತಿರ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದರು. ಮಗನ ಆಟ ಹೇಗಿರುತ್ತದೆಂದು ನೋಡಲು ಕಂಬಳಿ ಹೊದ್ದುಕೊಂಡು ಅಂದು ಮೊದಲ ಸಲ ಬಂದಿದ್ದರು. ಬಂದವರು ತಿಳಿಯದೆ ಇಳಕಲ್ಲಿನವರ ಗುಂಪಿನಲ್ಲೇ ನಿಂತಿದ್ದರು.

ಆಟದ ವಿವರ ಬೇಡ. ಕೊನೆಗೆ ನಾವು ಒಂದು ಅಂಕ ಹಿಂದಿದ್ದೆವು, ಆಟ ಮುಗಿಯುವುದರಲ್ಲಿತ್ತು, ಮಾಳಪ್ಪನಿಗೆ ಎರಡು ಫ್ರೀ ಥ್ರೋ ಸಿಕ್ಕವು. ಮೊದಲನೆಯದು ಬಿತ್ತು, ಅಂಕ ಸಮವಾಯಿತು. ಅಷ್ಟರಲ್ಲಿ ಗುಂಪಿನ ಯಾವನಿಗೋ ಆ ಮುದುಕ ಯಾರೆಂದು ಗೊತ್ತಾಗಿತ್ತು. ಕಂಬಳಿ ಕಿತ್ತು ಇನ್ನೊಬ್ಬನಿಗೆ ಎಸೆದ. ಅವನು ಮತ್ತೊಬ್ಬನಿಗೆ. ಮುದುಕ ಅದರ ಹಿಂದೆ ಅತ್ತಿಂದಿತ್ತ ಓಡಿದರು. ಸುತ್ತಲೂ ಕುರಿಯ ಒದರಾಟ. ಒಬ್ಬ ಕೂಗಿದ, "ಮಾಳ್ಯಾ, ನಿಮ್ಮಪ್ಪ ತಪ್ಪಿಸ್ಕೊಂಡಾನ, ಎಣಿಸ್ಕೋಲೇ."

ಮಾಳಪ್ಪ ತಿರುಗಲಿಲ್ಲ. ಚೆಂಡು ಎಸೆದ. ಬಿತ್ತು. ನಾವು ಒಂದು ಅಂಕ ಮುಂದೆ.

ತಿರುಗಿದವರು ಮಾಸ್ತರು. ಅವರು ಬೆಂಚು ದಾಟಿ ಗುಂಪಿನೊಳಗೆ ನುಗ್ಗಿದ್ದನ್ನೂ, ಒಬ್ಬನ ಕೊರಳಪಟ್ಟಿ ಹಿಡಿದು ಕೆನ್ನೆಗೆ ಹೊಡೆದದ್ದನ್ನೂ ನಾನು ನೋಡಿದೆ. ರೆಫರಿ ಮಾಸ್ತರ ಮೇಲೆ ಫೌಲ್ ಕೊಟ್ಟ. ಇಳಕಲ್ಲಿಗೆ ಸಿಕ್ಕ ಎರಡೂ ಎಸೆತ ಬಿದ್ದವು. ಒಂದು ಅಂಕದಿಂದ ಸೋತೆವು. "ಪಂದ್ಯದ ಕೊನೆಯಲ್ಲಿ ಕೆಲಕಾಲ ಗೊಂದಲ ಉಂಟಾಗಿತ್ತು" ಎಂದು ನಾನು ಬರೆದೆ. ಸಂಪಾದಕರು ಅದನ್ನೂ ಕತ್ತರಿಸಿದರು.

ಮರಳುವಾಗ ಸರ್ಕಾರಿ ಬಸ್ಸು. ಮಾಳಪ್ಪನ ಅಪ್ಪ ಹುನಗುಂದದಲ್ಲಿ ಇಳಿಯುವ ಮುಂಚೆ ಮಾಸ್ತರ ಹತ್ತಿರ ಬಂದರು. ಕಂಬಳಿಯೇನೂ ಹರಿದಿಲ್ಲ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಹುಡುಗ ಚೆನ್ನಾಗಿ ಆಡಿದ ಎಂದು ಸಮಾಧಾನ ಹೇಳಿದರು. ಮಗನ ತಲೆ ಸವರಿ ಇಳಿದರು. ಅಮೀನಗಡದಲ್ಲಿ ಹುಡುಗರು ಕರದಂಟು ಕೊಳ್ಳಲು ಇಳಿದಾಗ ಬಸ್ಸಿನಲ್ಲಿ ಉಳಿದವರು ಮಾಸ್ತರು, ಮಾಳಪ್ಪ, ಅವರ ಹಿಂದಿನ ಸೀಟಿನಲ್ಲಿ ನಾನು.

"ಸರ, ನಾ ನೋಡಿದ್ನಿರಿ," ಎಂದ ಮಾಳಪ್ಪ. "ಅಪ್ಪ ಕಂಬಳಿ ಹಿಂದ ಓಡಾಡೂದು ಕಣ್ಣಂಚಿನ್ಯಾಗ ಕಂಡಿತ್ತು. ಕಂಡೂ ಬಾಲ್ ಒಗದ್ನಿ."

ಮಾಸ್ತರು ಕಿಟಕಿಯಾಚೆ ನೋಡುತ್ತಿದ್ದರು. "ಗೊತ್ತೈತೋ. ಅದನ್ನ ಕಲಿಸಿದಾಂವ ನಾನ."

ಮುಂದೆ ಆದದ್ದು ಇಷ್ಟು. ತಂಡದ ಹೊಣೆಯಿಂದ ಮಾಸ್ತರನ್ನು ತೆಗೆದರು. ಇಂಥ ಗದ್ದಲದಲ್ಲೂ ಮುಖ ಬದಲಾಗದ ಹುಡುಗ ಎಂದು ಹೊಗಳಿ ಆಯ್ಕೆದಾರರು ಮಾಳಪ್ಪನನ್ನು ಆರಿಸಿಕೊಂಡರು. ಅವನಿಗೆ ಪೊಲೀಸ್ ಕೆಲಸವೂ ಸಿಕ್ಕಿತು. ಯಾರದು ಸರಿ ಎಂದು ನೀವು ಕೇಳಬಹುದು. ಬಹಳ ವರ್ಷ ನಾನು ಮಾಳಪ್ಪನ ಕಡೆಗಿದ್ದೆ. ಈಗ ಯಾರ ಕಡೆಗೂ ನಿಲ್ಲುವಷ್ಟು ಉತ್ಸಾಹವಿಲ್ಲ.

ಇದೆಲ್ಲ ನೆನಪಾಗಲು ಮುಲಾಮೊಂದೇ ಕಾರಣವಲ್ಲ. ಹೋದ ವಾರ ಮಾಳಪ್ಪ ಮನೆಗೆ ಬಂದಿದ್ದ. ನಿವೃತ್ತನಾಗಿ ಕೆಲವು ವರ್ಷವಾಗಿದೆ, ತಲೆ ಪೂರ್ತಿ ಬೆಳ್ಳಗಾಗಿದೆ. ಎಷ್ಟೋ ಗಲಾಟೆಗಳಲ್ಲಿ ಜನ ಕಲ್ಲು ತೂರಿದರೂ ಸಿಟ್ಟಿಗೇಳದ ಪೊಲೀಸ್ ಎಂದು ಇಲಾಖೆಯಲ್ಲಿ ಹೆಸರಾಗಿದ್ದನಂತೆ. ಚಹಾ ಕುಡಿದು ಬಟ್ಟಲು ಕೆಳಗಿಟ್ಟವನು ಹೇಳಿದ:

"ಅಪ್ಪನ್ನ ಮಣ್ಣ ಮಾಡೂವಾಗೂ ನನಗ ಕಣ್ಣೀರು ಬರಲಿಲ್ರಿ. ಗೆರಿ ಮ್ಯಾಲ ನಿಂತಂಗ ನಿಂತಿದ್ನಿ. ಮಂದಿ ನೋಡಿ, ಏನ ಗಟ್ಟಿ ಮನಷ್ಯಾ ಅಂದ್ರು."

ಮಾಸ್ತರು ಬಾದಾಮಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಆ ಪಂದ್ಯ ಆದಾಗಿನಿಂದ ಮಾಳಪ್ಪ ಅವರ ಮುಂದೆ ಹೋಗಿಲ್ಲ. ಒಬ್ಬನೇ ಹೋಗಲು ಆಗುತ್ತಿಲ್ಲ, ನೀವು ಜೊತೆಗೆ ಬನ್ನಿ ಎಂದು ಕೇಳಿದ. ನಾನು "ನೋಡೂಣಂತ" ಎಂದೆ. ಎಂಥ ವಿಷಯಕ್ಕೂ ನನ್ನ ಬಾಯಿಂದ ಮೊದಲು ಬರುವ ಮಾತು ಅದೇ.

ಇವತ್ತು ಬೆಳಿಗ್ಗೆ ಮಾಳಪ್ಪನಿಗೆ ಫೋನ್ ಮಾಡಿ, ನಾಳೆ ಹೋಗೋಣ, ಮಾಸ್ತರಿಗೆ ಸುದ್ದಿ ಮುಟ್ಟಿಸಿದ್ದೇನೆ, ಊಟಕ್ಕೇ ಬರಬೇಕಂತೆ ಎಂದು ಹೇಳಿದೆ. ಆ ಕಡೆ ಉಸಿರು ಒಡೆದು ಒಡೆದು ಬರುವುದು ಕೇಳಿಸಿತು; ಮಾಳಪ್ಪ ಅಳುತ್ತಿದ್ದ. ಸಮಾಧಾನ ಮಾಡಿಕೋ ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಫೋನ್ ಕಿವಿಗೆ ಹಿಡಿದುಕೊಂಡು, ಅವನಿಗೆ ಸಾಕೆನಿಸುವವರೆಗೆ, ಹಾಗೇ ಕೂತಿದ್ದೆ.