ಗುಂಡಿ ಒತ್ತಿ ಮಾಡಿದ ಮಂಗಳಾಚರಣೆ

ಅಕ್ಷರ ಕಲಿಸಿದ ಗುರುಗಳಿಗೂ, ದೇವರನ್ನು ನೆನೆಯದೆ ಬಾಯಿ ತೆರೆಯಬಾರದೆಂದು ವಿಧಿಸಿದ ತೀರ್ಥರೂಪರಿಗೂ ಮೊದಲ ನಮಸ್ಕಾರ. ಅವರ ಪಾಠ ನನ್ನಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂಬುದಕ್ಕೆ ಎಂಬತ್ತರ ದಶಕದ ಒಂದು ಬೆಳಗು ಸಾಕ್ಷಿ.

ಆಗ ಕುಮಟೆಯ ನನ್ನ ಮನೆಯಲ್ಲಿ ದೂರದವರೊಡನೆ ತಂತಿಯಿಲ್ಲದೆ ಮಾತಾಡುವ, ಪರವಾನಗಿ ಪಡೆದ ಸಿ.ಬಿ. ರೇಡಿಯೊ ಇತ್ತು, ಹೊನ್ನಾವರದ ಮೀನು ವ್ಯಾಪಾರಿ ಗೆಳೆಯನ ಬಳಿ ಇನ್ನೊಂದು. ಒಬ್ಬ ಗುಂಡಿ ಒತ್ತಿ ಮಾತಾಡುವಷ್ಟು ಹೊತ್ತು ಇನ್ನೊಬ್ಬ ಸುಮ್ಮನೆ ಕೇಳಬೇಕು. ನನ್ನಂಥ ಸಂಸ್ಕೃತ ಮಾಸ್ತರನಿಗೆ ಇದಕ್ಕಿಂತ ಒಪ್ಪುವ ಯಂತ್ರ ಲೋಕದಲ್ಲಿಲ್ಲ.

ಅಂದು ಅವನ ಅಂಗಳದಲ್ಲಿ ಬಂಗಡೆ ಮೀನಿನ ಬುಟ್ಟಿಗಳು ಕಾದಿದ್ದವು. ಕುಮಟೆಯಿಂದ ಐಸ್ ಬರುವುದಾದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಬಾಗಿಲಲ್ಲಿ ನಿಂತ ವ್ಯಾನಿನಲ್ಲಿ ಭಟ್ಕಳಕ್ಕೆ ಕಳಿಸುವುದು. ವಿಚಾರಿಸಿ ತಿಳಿಸುವ ಹೊಣೆ ನನ್ನದು. ಐಸ್ ಇಲ್ಲವೆಂದು ತಿಳಿದುಕೊಂಡು ಬಂದು ಗುಂಡಿ ಒತ್ತಿದೆ. ಗಣಪತಿ, ಸರಸ್ವತಿ, ಗುರುಪರಂಪರೆ ಎಲ್ಲವನ್ನೂ ರಾಗವಾಗಿ ಸ್ತುತಿಸಿದ ಬಳಿಕವೇ ಸುದ್ದಿ ಹೇಳಿ ಕೈ ತೆಗೆದೆ.

“ಮಾಸ್ತರ್ರೆ, ಐಸಿಲ್ಲ ಹೇಳೂಕೆ ಅಷ್ಟೂ ದೇವ್ರು ಬೇಕಾಗಿತ್ತಾ? ವ್ಯಾನ್ ಖಾಲಿನೇ ಹೋತು.”

“ಡ್ರೈವರನಿಗೆ ಸ್ವಲ್ಪ ಶ್ರದ್ಧೆ ಇರಬೇಕಿತ್ತು,” ಎಂದೆ.

“ಇತ್ತು. ಗಣಪತಿ ಮುಗಿಯೂವರೆಗೆ ಕೈಮುಗಿದು ನಿಂತಿದ್ದ. ಸರಸ್ವತಿ ಶುರುವಾದ ಮೇಲೆ ಹೋದ.”

ಬಂಗಡೆಯೆಲ್ಲ ಉಪ್ಪಿಗೆ ಬಿತ್ತು. ಅವನ ಮನೆಯ ಹೆಂಗಸರು ಸಂಜೆಯವರೆಗೆ ಮೀನು ಸೀಳುತ್ತ ನನ್ನ ವಿದ್ವತ್ತನ್ನು ಕೊಂಡಾಡಿದರಂತೆ. ಯಾವ ಮಾತುಗಳಲ್ಲಿ ಎಂಬುದನ್ನು ಗೆಳೆಯ ಹೇಳಲಿಲ್ಲ. ಆ ತಾಯಂದಿರಿಗೂ, ಮರುದಿನವೂ ನನ್ನೊಡನೆ ಮಾತಾಡಿದ ಗೆಳೆಯನಿಗೂ, ಅರ್ಧ ಸ್ತೋತ್ರದ ಪುಣ್ಯವಂತನಾದ ಡ್ರೈವರನಿಗೂ ಭಗವಂತ ಆಯುರಾರೋಗ್ಯ ಕರುಣಿಸಲಿ.